ಬಂದೂಕಿನ ಲೈಸೆನ್ಸ್ ಬೇರೆ, ಗುಂಡು ಹಾರಿಸುವ ಅನುಮತಿ ಬೇರೆ

ದರೋಜಿ, ರಾಮಸಾಗರ, ಕಮಲಾಪುರದ ಸುತ್ತಿನ ರೈತನೊಬ್ಬ ಹಂದಿ ಕಾಟಕ್ಕೆ ಬೇಸತ್ತು ಬಂದೂಕು ಕೊಳ್ಳಲು ಹೊರಟರೆ ಅವನ ಅರ್ಜಿ ಎರಡು ಕಾಯ್ದೆಗಳ ಕೈಗೆ ಸಿಗುತ್ತದೆ. ಒಂದು 1959ರ ಶಸ್ತ್ರಾಸ್ತ್ರ ಕಾಯ್ದೆ, ಇನ್ನೊಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಮೊದಲನೆಯದು ಅರ್ಜಿದಾರ ಎಂಥವನು ಎಂದು ವಿಚಾರಿಸುತ್ತದೆ. ಎರಡನೆಯದು ಅವನ ಮನೆ ಎಲ್ಲಿದೆ, ಗುರಿ ಯಾವ ಪ್ರಾಣಿಯ ಮೇಲೆ ಎಂದು ಕೇಳುತ್ತದೆ. ಕಳೆದ ಹತ್ತು ವರ್ಷಗಳಲ್ಲಿ ಈ ಎರಡೂ ಕಡೆ ನಿಯಮಗಳು ಬಿಗಿಯಾಗಿವೆ: 2016ರಲ್ಲಿ ಹೊಸ ಶಸ್ತ್ರಾಸ್ತ್ರ ನಿಯಮಾವಳಿ ಬಂತು, 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೇ ತಿದ್ದುಪಡಿಯಾಯಿತು, 2022ರಲ್ಲಿ ವನ್ಯಜೀವಿ ಕಾಯ್ದೆ ತಿದ್ದುಪಡಿಗೊಂಡು 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ತರಬೇತಿ ಪತ್ರ, ವೈದ್ಯರ ಪತ್ರ, ಪೊಲೀಸ್ ವರದಿ, ಅರಣ್ಯ ಇಲಾಖೆಯ ಸಮ್ಮತಿ ಎಂದು ಕಾಗದಗಳ ಕಟ್ಟು ದಪ್ಪವಾಗಿದೆ. ಇಷ್ಟು ಬಿಗಿ ಬೇಕೇ ಎಂಬ ಗೊಣಗಾಟ ಹಳ್ಳಿಗಳಲ್ಲಿ ಸಹಜ. ನನ್ನ ಮಟ್ಟಿಗೆ ಬಿಗಿ ಬೇಕು, ತರಬೇತಿಯಂತೂ ಬೇಕೇಬೇಕು. ಆದರೆ ತರಬೇತಿಯನ್ನು ಕಡ್ಡಾಯ ಮಾಡಿದ ಸರ್ಕಾರಕ್ಕೆ ಅದನ್ನು ರೈತನ ತಾಲ್ಲೂಕಿನಲ್ಲೇ ಕೊಡುವುದೂ ಕಡ್ಡಾಯವಾಗಬೇಕು. ಈಗ ಅರ್ಧ ಕಾನೂನು ಮಾತ್ರ ನಡೆಯುತ್ತಿದೆ.

ಈ ಸೀಮೆಯ ಸಂಗತಿ ರಾಜ್ಯದ ಬೇರೆಡೆಗಿಂತ ಯಾಕೆ ಜಟಿಲ ಎಂಬುದಕ್ಕೆ ನಕಾಶೆ ನೋಡಬೇಕು. ದರೋಜಿ ಕರಡಿಧಾಮ ಘೋಷಣೆಯಾದದ್ದು 1994ರಲ್ಲಿ, ಬಿಳಿಕಲ್ಲು ಕಾಯ್ದಿಟ್ಟ ಅರಣ್ಯದ 5,587 ಹೆಕ್ಟೇರ್ ನೆಲದಲ್ಲಿ. 2009ರಲ್ಲಿ ಬುಕ್ಕಸಾಗರದ ಅರಣ್ಯವೂ ಸೇರಿ ಅದರ ವಿಸ್ತೀರ್ಣ ಸುಮಾರು 82 ಚದರ ಕಿಲೋಮೀಟರಿಗೆ ಏರಿತು. ಧಾಮದ ಒಂದು ಬದಿಗೆ ಹಂಪಿ, ಕಮಲಾಪುರದ ಬಂಡೆಗುಡ್ಡಗಳು ಮತ್ತು ಬಾಳೆತೋಟ. ಇನ್ನೊಂದು ಬದಿಗೆ ಕಂಪ್ಲಿ ಸೀಮೆಯ ಭತ್ತ, ಕಬ್ಬು. ಮತ್ತೊಂದು ಬದಿಗೆ ಸಂಡೂರು ತಾಲ್ಲೂಕಿನ ಮೆಕ್ಕೆಜೋಳ, ಶೇಂಗಾದ ಹೊಲಗಳು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ ಮತ್ತು ಹಂಪಿ ಹೊಸ ಜಿಲ್ಲೆಗೆ ಹೋದವು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಹಾಗಾಗಿ ಒಂದೇ ಹಂದಿಹಿಂಡು ಒಂದೇ ರಾತ್ರಿ ಕಮಲಾಪುರದ ಬಾಳೆಯನ್ನೂ ರಾಮಸಾಗರದ ಗದ್ದೆಯನ್ನೂ ಕೆಡಿಸಿದರೆ, ನೊಂದ ಒಬ್ಬ ರೈತ ಬಂದೂಕಿನ ಅರ್ಜಿ ಹಿಡಿದು ಹೊಸಪೇಟೆಯ ಜಿಲ್ಲಾಧಿಕಾರಿ ಕಚೇರಿಗೆ, ಇನ್ನೊಬ್ಬ ಬಳ್ಳಾರಿಯ ಕಚೇರಿಗೆ ಹೋಗಬೇಕು. ಹಂದಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ, ಕಡತಕ್ಕೆ ಗೊತ್ತಿದೆ.

ಇದರ ಮೇಲೆ ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ ಇದೆ. ಈ ಭಾಗದ ಬಂದೂಕಿನ ಚರ್ಚೆಯಲ್ಲಿ ಬಹುಮುಖ್ಯವಾದದ್ದೂ ಕಡಿಮೆ ತಿಳಿದದ್ದೂ ಇದೇ. ಯಾವುದೇ ವನ್ಯಜೀವಿ ಧಾಮದ 10 ಕಿಲೋಮೀಟರ್ ಫಾಸಲೆಯಲ್ಲಿ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರ ಪೂರ್ವ ಸಮ್ಮತಿ ಇಲ್ಲದೆ ಹೊಸ ಲೈಸೆನ್ಸ್ ಕೊಡುವಂತಿಲ್ಲ. ಧಾಮ ಘೋಷಣೆಯಾದಾಗ ಆ ಫಾಸಲೆಯಲ್ಲಿ ವಾಸವಿದ್ದು ಆಗಲೇ ಬಂದೂಕು ಹೊಂದಿದ್ದವರೆಲ್ಲ ಮೂರು ತಿಂಗಳೊಳಗೆ ಹೆಸರು ನೋಂದಾಯಿಸಬೇಕಿತ್ತು. 2022ರ ತಿದ್ದುಪಡಿ ಇನ್ನೂ ಒಂದು ಮಾತು ಸೇರಿಸಿತು: ಹಳೆಯ ಲೈಸೆನ್ಸಿನ ನವೀಕರಣವನ್ನೂ ಮುಖ್ಯ ವನ್ಯಜೀವಿ ಪಾಲಕರಿಗೆ ಅಥವಾ ಅವರಿಂದ ಅಧಿಕಾರ ಪಡೆದವರಿಗೆ ತಿಳಿಸದೆ ಮಾಡುವಂತಿಲ್ಲ. ತುಂಗಭದ್ರಾ ಅಣೆಕಟ್ಟೆಯಿಂದ ಕಂಪ್ಲಿವರೆಗೆ ನದಿಯ 34 ಕಿಲೋಮೀಟರ್ ಪಾತ್ರ 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು ಆಗಿದೆಯಲ್ಲ, ಅದರ ದಡದವರಿಗೂ ಇದು ಅನ್ವಯವೇ ಎಂಬ ಪ್ರಶ್ನೆ ಏಳಬಹುದು. ಸಂರಕ್ಷಣಾ ಮೀಸಲು ಕಾನೂನಿನಲ್ಲಿ ಧಾಮಕ್ಕಿಂತ ಬೇರೆ ದರ್ಜೆಯದು. ಧಾಮದ ಕೆಲವು ಸೆಕ್ಷನ್‌ಗಳಷ್ಟೇ ಅದಕ್ಕೆ ಅನ್ವಯಿಸುತ್ತವೆ, 34 ಅವುಗಳಲ್ಲಿ ಇಲ್ಲ.

ಇಷ್ಟೆಲ್ಲ ದಾಟಿ ಲೈಸೆನ್ಸ್ ಸಿಕ್ಕಿತು ಎನ್ನಿ. ಆಗಲೂ ಹಂದಿಗೆ ಗುಂಡಿಡುವ ಹಕ್ಕು ಸಿಕ್ಕಂತಲ್ಲ. ಲೈಸೆನ್ಸ್ ಕೊಡುವುದು ಬಂದೂಕನ್ನು ಕೊಳ್ಳಲು, ಇಟ್ಟುಕೊಳ್ಳಲು, ಹೊತ್ತು ತಿರುಗಲು. ಪ್ರಾಣಿಯ ಮೇಲೆ ಹಾರಿಸಲು ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಕೆಳಗೆ ಬೇರೆಯೇ ಲಿಖಿತ ಆದೇಶ ಬೇಕು. ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯ ತಂದರೆ ಅದನ್ನು ಬೇಟೆಯಾಡಲು ಮುಖ್ಯ ವನ್ಯಜೀವಿ ಪಾಲಕರು ಅಥವಾ ಅಧಿಕಾರ ಪಡೆದ ಅಧಿಕಾರಿ ಕಾರಣ ಬರೆದು ಅನುಮತಿ ಕೊಡಬಹುದು. ಕರಡಿ, ಚಿರತೆ, ನವಿಲು ಮೊದಲ ಅನುಸೂಚಿಯವು. ಅವು ಬೆಳೆಯನ್ನು ಎಷ್ಟೇ ಹಾಳು ಮಾಡಲಿ, ಬೆಳೆಯ ಕಾರಣಕ್ಕೆ ಕೊಲ್ಲಲು ಯಾರೂ ಅನುಮತಿ ಕೊಡಲಾರರು. ಮೈಮೇಲೆ ಬಿದ್ದ ಪ್ರಾಣಿಯನ್ನು ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ ಎಂಬ ರಕ್ಷಣೆ ಕಾಯ್ದೆಯಲ್ಲೇ ಇದೆ, ಆದರೆ ಆ ಗಳಿಗೆಯಲ್ಲಿ ಅವನು ಇದೇ ಕಾಯ್ದೆಯನ್ನು ಮೀರುವ ಕೆಲಸದಲ್ಲಿ ತೊಡಗಿರಬಾರದು. ರಾತ್ರಿ ಮೂರು ಫೇಸ್ ಕರೆಂಟು ಬಂದಾಗ ಪಂಪಿನ ಕಡೆ ನಡೆಯುವ ರೈತನಿಗೆ ಕತ್ತಲಲ್ಲಿ ಕಾಣುವುದು ಒಂದು ಕರಿಯ ಆಕಾರ. ಅದು ಹಂದಿಯಾದರೆ ಒಂದು ಕಾನೂನು, ಕರಡಿಯಾದರೆ ಇನ್ನೊಂದು, ನೀರು ಕಟ್ಟಲು ಬಂದ ಪಕ್ಕದ ಹೊಲದವನಾದರೆ ಕೊಲೆ ಮೊಕದ್ದಮೆ. ಗುರಿಯನ್ನು ಗುರುತಿಸದೆ ಕುದುರೆ ಎಳೆಯಬಾರದು ಎಂಬ ಪಾಠಕ್ಕೆ ದರೋಜಿ ಸುತ್ತಿನಷ್ಟು ತುರ್ತು ಬೇರೆಲ್ಲೂ ಇರಲಾರದು.

ತರಬೇತಿಯ ನಿಯಮ ಬರುವುದು ಇಲ್ಲಿಯೇ. 2016ರ ನಿಯಮಾವಳಿಯ ಪ್ರಕಾರ ಲೈಸೆನ್ಸ್ ಬೇಡುವವನು ಶಸ್ತ್ರ ಮತ್ತು ಮದ್ದುಗುಂಡುಗಳ ಸುರಕ್ಷತಾ ತರಬೇತಿ ಮುಗಿಸಿದ ಪ್ರಮಾಣಪತ್ರ ತರಬೇಕು. ಅದು ಎಸ್-1 ನಮೂನೆ. ಸುರಕ್ಷಿತವಾಗಿ ಇಡುವುದು, ಸಾಗಿಸುವುದು, ಹಿಡಿಯುವುದು, ಹಾರಿಸುವ ಕ್ರಮ, ಬಂದೂಕಿನ ಆರೈಕೆ ಇವೆಲ್ಲ ಅದರಲ್ಲಿ ಬರುತ್ತವೆ. ಜೊತೆಗೆ ದೈಹಿಕ ಮತ್ತು ಮಾನಸಿಕ ಆರೋಗ್ಯದ ಬಗ್ಗೆ ವೈದ್ಯರ ಪತ್ರ. ಬಳಿಕ ಠಾಣೆಯ ವರದಿ, ಕೊನೆಗೆ ಜಿಲ್ಲಾ ದಂಡಾಧಿಕಾರಿಯೂ ಆದ ಜಿಲ್ಲಾಧಿಕಾರಿಯ ಆದೇಶ. ಬಂದೂಕು ಕೊಳ್ಳುವುದು ಇದೆಲ್ಲ ಆದಮೇಲೆ, ಅದೂ ಪರವಾನಗಿ ಇರುವ ಅಂಗಡಿಯಲ್ಲಿ ಅಥವಾ ಲೈಸೆನ್ಸ್ ಇರುವವರಿಂದ ಕ್ರಮಬದ್ಧವಾಗಿ. 21 ವರ್ಷ ತುಂಬದವರಿಗೆ ಸಾಮಾನ್ಯವಾಗಿ ಲೈಸೆನ್ಸ್ ಇಲ್ಲ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು, ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಮದುವೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಈ ತರಬೇತಿಯನ್ನು ಜಿಲ್ಲಾ ಸಶಸ್ತ್ರ ಮೀಸಲು ಪಡೆ, ಅಂದರೆ ಜನ ಡಿಎಆರ್ ಎನ್ನುವ ಪಡೆ, ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳಲ್ಲಿ ಪಡೆಯುವುದು ಕರ್ನಾಟಕದಲ್ಲಿ ವಾಡಿಕೆ. ಶಿಬಿರ ನಡೆಯುವುದು ಜಿಲ್ಲಾ ಪೊಲೀಸರು ಅರ್ಜಿ ಕರೆದಾಗ, ಜಿಲ್ಲಾ ಕೇಂದ್ರದಲ್ಲಿ. ದೂರದ ತೊಡಕಿಗಿಂತ ದೊಡ್ಡ ತೊಡಕು ಪಾಠದ ವಿಷಯದ್ದು. ಪೊಲೀಸರ ಕೈಯಲ್ಲಿರುವುದು ರೈಫಲ್. ರೈತನ ಕೈಗೆ ಬರುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಬಂದೂಕು, ಹೆಚ್ಚೆಂದರೆ ಒಂಟಿ ನಳಿಗೆಯ ತೋಟಾ ಬಂದೂಕು. ರೈಫಲ್ಲಿನ ಪಾಠ ಓದಿದವನಿಗೆ ಕೇಪಿನ ಬಂದೂಕು ಅಪರಿಚಿತ ಯಂತ್ರ. ಮದ್ದು ಅಳತೆ ಮೀರಿದರೆ ನಳಿಗೆ ಒಡೆಯುತ್ತದೆ. ಒಂದು ಈಡು ಹಾರಿದ ಕೂಡಲೇ ಮತ್ತೆ ಮದ್ದು ಸುರಿದರೆ ಒಳಗೆ ಉಳಿದ ಕಿಡಿ ಹೊತ್ತಿಕೊಳ್ಳಬಹುದು. ಕೇಪು ಸಿಡಿದೂ ಈಡು ಹಾರದಿದ್ದರೆ ನಳಿಗೆಯನ್ನು ಬಗ್ಗಿ ನೋಡದೆ ಸುರಕ್ಷಿತ ದಿಕ್ಕಿಗೆ ಹಿಡಿದು ಕಾಯಬೇಕು. ಬದು ಹತ್ತಿಳಿಯುವಾಗ ಕೇಪು ತೆಗೆದಿರಬೇಕು. ಮಲೆನಾಡಿನಿಂದ ಆಗಾಗ ಬರುವ ಸುದ್ದಿಗಳನ್ನು ಗಮನಿಸಿ: ಶಿಕಾರಿಗೆ ಹೋದವರಲ್ಲಿ ಒಬ್ಬನು ಜೊತೆಯವನನ್ನೇ ಹಂದಿಯೆಂದು ಭ್ರಮಿಸಿ ಹೊಡೆದದ್ದು, ತುಂಬಿಟ್ಟ ಬಂದೂಕು ಜಾರಿ ಹೊತ್ತವನಿಗೇ ತಗುಲಿದ್ದು. ಇವು ಅಭ್ಯಾಸ ಮತ್ತು ಶಿಸ್ತು ತಪ್ಪಿಸಬಹುದಾದ ಸಾವುಗಳು. ತರಬೇತಿಯನ್ನು ಬರಿಯ ಕಾಗದದ ಹೊರೆ ಎನ್ನುವವರು ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮೊದಲ ಆಕ್ಷೇಪ ಎಲ್ಲೆಡೆ ಕೇಳುವಂಥದ್ದು: ಕೊಲೆಗಡುಕ ಲೈಸೆನ್ಸ್ ಕೇಳಿಕೊಂಡು ಬರುವುದಿಲ್ಲ, ಪ್ರಾಮಾಣಿಕನಿಗಷ್ಟೇ ಯಾಕೆ ಈ ಪಾಡು? ಇದರಲ್ಲಿ ಅರ್ಧ ಸತ್ಯವಿದೆ. ದೇಶದಲ್ಲಿ ಪೊಲೀಸರು ವಶಪಡಿಸಿಕೊಳ್ಳುವ ಬಂದೂಕುಗಳಲ್ಲಿ ಬಹುಪಾಲು ಲೈಸೆನ್ಸ್ ಇಲ್ಲದವೇ. ಉತ್ತರ ಪ್ರದೇಶದ ಜಾಮೀನು ಅರ್ಜಿಯೊಂದು ಬಂದಾಗ ಸುಪ್ರೀಂ ಕೋರ್ಟ್ 2023ರಲ್ಲಿ ಇಂಥ ಬಂದೂಕುಗಳ ಹಾವಳಿಯನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡದ್ದು ಇದೇ ಕಾರಣಕ್ಕೆ. ಆದರೆ ಲೈಸೆನ್ಸ್ ವ್ಯವಸ್ಥೆಯ ಕೆಲಸ ಕಳ್ಳನನ್ನು ಹಿಡಿಯುವುದಷ್ಟೇ ಅಲ್ಲ. ಕೋಪ, ಕುಡಿತ, ಮನೆಯ ಜಗಳಗಳ ನಡುವೆ ಬಂದೂಕು ಸುಲಭವಾಗಿ ಕೈಗೆ ಸಿಗದಂತೆ ಮಾಡುವುದೂ ಅದರ ಕೆಲಸ. ಬಂದೂಕು ಹೊಂದುವುದನ್ನು ಸಂವಿಧಾನದ ಹಕ್ಕೆಂದೇ ಬಗೆಯುವ ಅಮೆರಿಕದಲ್ಲೂ ಇದಕ್ಕೆ ಸಾಕ್ಷ್ಯ ಸಿಕ್ಕಿದೆ. ಕನೆಕ್ಟಿಕಟ್ ರಾಜ್ಯ 1995ರಲ್ಲಿ ಕೈಬಂದೂಕು ಕೊಳ್ಳಲು ಪೊಲೀಸರ ಅನುಮತಿ ಮತ್ತು ತರಬೇತಿಯನ್ನು ಕಡ್ಡಾಯ ಮಾಡಿತು. ಮೊದಲ ಹತ್ತು ವರ್ಷಗಳಲ್ಲಿ ಬಂದೂಕಿನ ಕೊಲೆಗಳು ನಿರೀಕ್ಷೆಗಿಂತ ಸುಮಾರು ಶೇಕಡಾ 40ರಷ್ಟು ಕಡಿಮೆಯಾದವು ಎಂದು ಅಲ್ಲಿನ ಸಂಶೋಧಕರು ಅಂದಾಜಿಸಿದರು. ಮುಂದೆ ಹೆಚ್ಚು ವರ್ಷಗಳ ಅಂಕಿ ಸೇರಿಸಿ ನೋಡಿದಾಗ ಆ ಅಂದಾಜು ಶೇಕಡಾ 28ಕ್ಕೆ ಇಳಿಯಿತು. ಮಿಸೌರಿ 2007ರಲ್ಲಿ ಇಂಥದ್ದೇ ಅನುಮತಿಯನ್ನು ರದ್ದು ಮಾಡಿತು, ಅಲ್ಲಿ ಬಂದೂಕಿನ ಕೊಲೆಗಳ ಪ್ರಮಾಣ ಏರಿತು. ಅಂದಾಜುಗಳು ಅಂದಾಜುಗಳೇ, ಪಟ್ಟಾಗಿ ಹಿಡಿಯಬೇಕಿಲ್ಲ. ಆದರೆ ಎರಡೂ ರಾಜ್ಯಗಳು ತೋರುವ ದಿಕ್ಕು ಒಂದೇ. ಕನ್ನಡಿಗ ಕುಟುಂಬಗಳು ಸಾಕಷ್ಟಿರುವ ವಾಷಿಂಗ್ಟನ್ ರಾಜ್ಯವೂ 2025ರಲ್ಲಿ ಹೀಗೆಯೇ ಅನುಮತಿ ಮತ್ತು ತರಬೇತಿಯ ಕಾಯ್ದೆ ಮಾಡಿದೆ; ಅದು 2027ರ ಮೇ 1ರಿಂದ ಜಾರಿಗೆ ಬರಲಿದೆ. ನಾವು ಹಳೆಯದೆಂದು ಬೈಯುವ ಪದ್ಧತಿಯತ್ತ ಅವರು ಈಗ ಹೆಜ್ಜೆ ಹಾಕುತ್ತಿದ್ದಾರೆ.

ಎರಡನೇ ಆಕ್ಷೇಪ ನಮ್ಮ ನೆಲದ್ದು, ಹಾಗಾಗಿ ಹೆಚ್ಚು ಮನ ಮುಟ್ಟುತ್ತದೆ. ಪ್ರಜೆಯ ಕೈಯಿಂದ ಆಯುಧ ಕಿತ್ತುಕೊಳ್ಳುವುದು ಬ್ರಿಟಿಷರ ಚಾಳಿ ಎನ್ನುತ್ತದೆ ಈ ವಾದ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯ್ದೆಯನ್ನು ಧಿಕ್ಕರಿಸಿ ಹಲಗಲಿಯ ಬೇಡರು ಎದ್ದದ್ದು, ಊರು ಸುಟ್ಟದ್ದು, ಮುಂದಾಳುಗಳನ್ನು ಗಲ್ಲಿಗೇರಿಸಿದ್ದು ಶಾಲೆಗೆ ಹೋದ ಬಹುತೇಕ ಕನ್ನಡಿಗರಿಗೆ ಲಾವಣಿಯ ಮೂಲಕ ಗೊತ್ತು. 1878ರ ಕಾಯ್ದೆ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟು ಭಾರತೀಯರನ್ನು ಕಟ್ಟಿಹಾಕಿತು ಎಂಬುದೂ ನಿಜ. ಆದರೆ ಆ ಕಾಯ್ದೆಗಳಲ್ಲಿದ್ದ ಅನ್ಯಾಯ ನಿಯಮ ಇದ್ದುದರಲ್ಲಿ ಅಲ್ಲ, ಜಾತಿ ಬಣ್ಣ ನೋಡಿ ನಿಯಮ ಮಾಡಿದ್ದರಲ್ಲಿ. 1959ರ ಕಾಯ್ದೆ ಆ ದೋಷವನ್ನು ತಿದ್ದಲು ಪ್ರಯತ್ನಿಸಿತು. ಅದರ 14ನೇ ಸೆಕ್ಷನ್ ಓದಿದವರು ಕಡಿಮೆ: ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ. 13ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ. ನಿಜವಾದ ಬೆಳೆ ರಕ್ಷಣೆಗೆ ನಾಗರಿಕನೊಬ್ಬ ಬಾಯಿಮದ್ದಿನ ಬಂದೂಕು ಕೇಳಿದರೆ, ಅನರ್ಹತೆ ಇಲ್ಲದಿದ್ದಲ್ಲಿ ಪ್ರಾಧಿಕಾರ ಲೈಸೆನ್ಸ್ ಕೊಡತಕ್ಕದ್ದು. ಅದು ಸಾಲದು ಎನಿಸಿದರೆ ಬೇರೆ ನಯನಳಿಗೆಯ ಬಂದೂಕನ್ನೂ ಕೊಡಬಹುದು. ಕೊಡಬಹುದು ಎಂಬುದಕ್ಕೂ ಕೊಡತಕ್ಕದ್ದು ಎಂಬುದಕ್ಕೂ ಇರುವ ಅಂತರದಲ್ಲೇ ಸಣ್ಣ ರೈತನ ಬಲವಿದೆ.

ಕೊಡಗಿನ ಉದಾಹರಣೆಯನ್ನೂ ಇದೇ ಉಸಿರಿನಲ್ಲಿ ಎತ್ತುತ್ತಾರೆ. 1861ರಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷ, 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಅವರಿಗೆ ಇರುವಾಗ ನಮಗೆ ಯಾಕಿಲ್ಲ? ಆ ವಿನಾಯಿತಿ ಒಂದು ಸಮುದಾಯದ ಶತಮಾನಗಳ ಆಯುಧಸಂಸ್ಕಾರಕ್ಕೆ, ನಿರ್ದಿಷ್ಟ ಬಗೆಯ ಬಂದೂಕಿಗೆ, ನಿರ್ದಿಷ್ಟ ಅವಧಿಗೆ ಕೊಟ್ಟದ್ದು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿಯ ಬಳಕೆಯನ್ನು ಮನೆಯ ಹಿರಿಯರೇ ಕಿರಿಯರಿಗೆ ಕಲಿಸುತ್ತಾರೆ. ಅದೂ ಒಂದು ತರಬೇತಿಯೇ. ಮುಖ್ಯವಾಗಿ, ಬೇಟೆ ನಿಷೇಧಕ್ಕೆ ಅಲ್ಲಿಯೂ ವಿನಾಯಿತಿ ಇಲ್ಲ. ಶಸ್ತ್ರಾಸ್ತ್ರ ಕಾಯ್ದೆಯಿಂದ ವಿನಾಯಿತಿ ಪಡೆದವನೂ ಧಾಮದ 10 ಕಿಲೋಮೀಟರಿನೊಳಗೆ ವಾಸವಿದ್ದು ಬಂದೂಕು ಹೊಂದಿದ್ದರೆ ಹೆಸರು ನೋಂದಾಯಿಸಬೇಕೆಂದು 34ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ.

ಮೂರನೇ ಆಕ್ಷೇಪಕ್ಕೆ ಮಾತ್ರ ಸುಲಭದ ಉತ್ತರ ಇಲ್ಲ. ಮೆಕ್ಕೆಜೋಳ ತೆನೆಗಟ್ಟಿ ಕೊಯ್ಲಿಗೆ ಬರುವುದು ಕೆಲವೇ ವಾರಗಳಲ್ಲಿ. ದರೋಜಿಯ ಕಡತ ಬಳ್ಳಾರಿಗೆ ಹೋಗಿ, ಅಲ್ಲಿಂದ ಬೆಂಗಳೂರಿನ ಅರಣ್ಯ ಭವನಕ್ಕೆ ಹೋಗಿ, ಮುಖ್ಯ ವನ್ಯಜೀವಿ ಪಾಲಕರ ಮೇಜು ದಾಟಿ ಹಿಂದಿರುಗುವಷ್ಟರಲ್ಲಿ ಎಷ್ಟು ಬೆಳೆ ಹೋಗಿರುತ್ತದೆ? ಈ ವಿಳಂಬವನ್ನು ಸಮರ್ಥಿಸಿಕೊಳ್ಳುವುದು ಕಷ್ಟ, ಏಕೆಂದರೆ ಕಾನೂನು ಇದನ್ನು ಬೇಡುವುದೇ ಇಲ್ಲ. ವನ್ಯಜೀವಿ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪಾಲಕರು ಸರ್ಕಾರದ ಒಪ್ಪಿಗೆ ಪಡೆದು ತಮ್ಮ ಅಧಿಕಾರವನ್ನು ಕೆಳಗಿನವರಿಗೆ ವಹಿಸಬಹುದು. ಮೊದಲ ಅನುಸೂಚಿಯ ಪ್ರಾಣಿಗಳ ಬೇಟೆಗೆ ಅನುಮತಿ ಕೊಡುವ ಅಧಿಕಾರವೊಂದನ್ನು ಮಾತ್ರ ಅವರು ಕೈಬಿಡುವಂತಿಲ್ಲ. ಅಂದರೆ ಲೈಸೆನ್ಸಿನ ಸಮ್ಮತಿ, ನವೀಕರಣದ ಮಾಹಿತಿ, ಹಂದಿಯ ಅನುಮತಿ ಮೂರನ್ನೂ ಜಿಲ್ಲೆಯ ಉಪ ಅರಣ್ಯ ಸಂರಕ್ಷಣಾಧಿಕಾರಿಯ ಮಟ್ಟದಲ್ಲೇ ಮುಗಿಸಲು ದಾರಿ ಇದೆ. ಶಸ್ತ್ರಾಸ್ತ್ರ ಕಾಯ್ದೆಯೂ ಹೀಗೆಯೇ: ಠಾಣೆಯ ವರದಿ ಗೊತ್ತುಪಡಿಸಿದ ಅವಧಿಯಲ್ಲಿ ಬಾರದಿದ್ದರೆ ಕಾಯದೆ ಆದೇಶ ಹೊರಡಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರೆದಿಡಬೇಕು. ಅರ್ಜಿದಾರ ಕೇಳಿದರೆ, ಸಾರ್ವಜನಿಕ ಹಿತಕ್ಕೆ ಧಕ್ಕೆ ಎನಿಸದ ಹೊರತು, ಅದರ ಸಾರವನ್ನು ಕೊಡಬೇಕು. ಅದರ ಮೇಲೆ ಮೇಲ್ಮನವಿಗೂ ಅವಕಾಶ ಇದೆ. ವಿಳಂಬ ಕಾನೂನಿನ ಬಿಗಿಯಿಂದ ಹುಟ್ಟಿದ್ದಲ್ಲ, ಆ ಅಧಿಕಾರಗಳನ್ನು ಬಳಸದ ಸೋಮಾರಿತನದಿಂದ ಹುಟ್ಟಿದ್ದು.

ವನ್ಯಪ್ರೇಮಿಗಳಿಂದ ಬರುವ ಆಕ್ಷೇಪ ಇದಕ್ಕೆ ತೀರ ವಿರುದ್ಧ. ಕರಡಿಧಾಮದ ಬಾಗಿಲಲ್ಲಿ ಒಂದು ಬಂದೂಕೂ ಬೇಡ ಎನ್ನುತ್ತಾರೆ ಅವರು. ಅವರ ಆತಂಕ ಅರ್ಥವಾಗುವಂಥದ್ದು. ಆದರೆ ಬಂದೂಕು ಇಲ್ಲದ ಕಡೆ ರೈತ ಕೈಕಟ್ಟಿ ಕೂರುತ್ತಾನೆಂದು ಭಾವಿಸುವುದು ಭ್ರಮೆ. ಬೇಲಿಗೆ ನೇರ ಕರೆಂಟು ಹರಿಯುತ್ತದೆ, ಬೈಕಿನ ಕ್ಲಚ್ ತಂತಿಯ ಉರುಳು ಬೀಳುತ್ತದೆ, ಹಿಟ್ಟಿನುಂಡೆಯೊಳಗೆ ಸಿಡಿಮದ್ದು ಸೇರುತ್ತದೆ. ಇವು ಹಂದಿ, ಕರಡಿ, ಚಿರತೆ, ಎತ್ತು, ಮನುಷ್ಯ ಎಂದು ಆರಿಸುವುದಿಲ್ಲ. ತರಬೇತಿ ಪಡೆದ, ಠಾಣೆಗೂ ಅರಣ್ಯ ಇಲಾಖೆಗೂ ಹೆಸರು ಗೊತ್ತಿರುವ, ತೋಟಾಗಳ ಲೆಕ್ಕ ಕೊಡಬೇಕಾದ ಹತ್ತು ಮಂದಿ ಇರುವುದು ಯಾರ ಲೆಕ್ಕಕ್ಕೂ ಸಿಗದ ನೂರು ಉರುಳುಗಳಿಗಿಂತ ಕರಡಿಗೂ ಒಳ್ಳೆಯದು. ಹಾಗೆಂದು ಬಂದೂಕಿನಿಂದ ಹಂದಿ ಕಾಟ ಮುಗಿಯುತ್ತದೆ ಎಂಬ ಆಸೆಯೂ ಬೇಡ. ಕೇರಳ ಸರ್ಕಾರ 2022ರಲ್ಲಿ ಬೆಳೆ ಹಾಳುಮಾಡುವ ಹಂದಿಗಳನ್ನು ಹೊಡೆಯಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೇ ಕೊಟ್ಟಿತು. ಆದೇಶ ಕೊಡುವವರು ಊರೂರಲ್ಲಿ ಸಿಕ್ಕರು, ಲೈಸೆನ್ಸ್ ಮತ್ತು ಗುರಿ ಎರಡೂ ಇರುವವರು ಸಿಗುವುದು ಕಷ್ಟವಾಯಿತು. ಅಧಿಕಾರ ಹಂಚುವುದು ಒಂದು ಸುತ್ತೋಲೆಯ ಕೆಲಸ. ಬಂದೂಕು ಹಿಡಿಯಬಲ್ಲವರನ್ನು ತಯಾರು ಮಾಡಲು ವರ್ಷಗಳು ಬೇಕು.

ಹೊಸಪೇಟೆ, ಸಂಡೂರಿನಲ್ಲಿ ಬಂದೂಕಿಗೆ ಇನ್ನೊಂದು ಮುಖವೂ ಇದೆ. ಅದಿರಿನ ದುಡ್ಡು ಬಂದ ಕಾಲದಿಂದ ಗನ್‌ಮ್ಯಾನ್ ಇಟ್ಟುಕೊಳ್ಳುವುದು ಇಲ್ಲಿ ಅಂತಸ್ತಿನ ಗುರುತಾಯಿತು. ಸ್ವರಕ್ಷಣೆಗೆಂದು ಪಡೆದ ಲೈಸೆನ್ಸ್ ಇನ್ನೊಬ್ಬರ ಕಾವಲಿಗೆ ಬಾಡಿಗೆಗೆ ಹೋಗುವ ಸರಕಲ್ಲ. ಖಾಸಗಿ ಭದ್ರತಾ ಸಂಸ್ಥೆಗಳಿಗೆ 2005ರ ಪ್ರತ್ಯೇಕ ಕಾಯ್ದೆಯೇ ಇದೆ. ಬಿಗಿ ಬೇಕಾದದ್ದು ಇಲ್ಲಿ. ಚುನಾವಣೆ ಬಂದಾಗ ನಡೆಯುವುದು ಮಾತ್ರ ತಿರುವುಮುರುವು. ಯಾರ ಬಂದೂಕು ಠೇವಣಿ ಆಗಬೇಕೆಂದು ಒಂದೊಂದೇ ಪ್ರಕರಣ ನೋಡಿ ನಿರ್ಧರಿಸಲು ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಬೆಳೆ ಕಾಯುವವನ ಕೇಪಿನ ಬಂದೂಕನ್ನೂ ದರ್ಬಾರಿನವರ ರಿವಾಲ್ವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಸಮಿತಿ ಇದ್ದೂ ಪ್ರಯೋಜನವಿಲ್ಲ.

ವಿಜಯನಗರ ಮತ್ತು ಬಳ್ಳಾರಿ ಜಿಲ್ಲಾಡಳಿತಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ವರ್ಷಕ್ಕೊಮ್ಮೆ, ಬಿತ್ತನೆಗೆ ಮುಂಚೆ, ಕಮಲಾಪುರ ಅಥವಾ ಸಂಡೂರಿನಲ್ಲಿ ಜಂಟಿ ತರಬೇತಿ ಶಿಬಿರ ನಡೆಸಲಿ. ಡಿಎಆರ್ ಬೋಧಕರ ಜೊತೆ ವಲಯ ಅರಣ್ಯಾಧಿಕಾರಿಯೂ ಇರಲಿ. ಕೇಪಿನ ಬಂದೂಕನ್ನೂ ತೋಟಾ ಬಂದೂಕನ್ನೂ ಪಾಠಕ್ಕೆ ಸೇರಿಸಲಿ. ಕತ್ತಲಲ್ಲಿ ಹಂದಿಯನ್ನು ಕರಡಿಯಿಂದ ಬೇರೆಮಾಡಿ ಗುರುತಿಸುವುದು, ಹಾನಿ ಪರಿಹಾರಕ್ಕೆ ಅರ್ಜಿ ಹಾಕುವುದು ಎರಡನ್ನೂ ಅಲ್ಲೇ ಹೇಳಿಕೊಡಲಿ. ಎಸ್-1 ಪತ್ರವನ್ನು ಅಂದೇ ಕೈಗೆ ಕೊಡಲಿ. ಧಾಮದ 10 ಕಿಲೋಮೀಟರ್ ಗೆರೆಯೊಳಗೆ ಬರುವ ಊರುಗಳ ಪಟ್ಟಿಯನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ.

ಓದುಗರಿಗೂ ಒಂದು ಮಾತು. ಮನೆಯಲ್ಲಿ ಹಳೆಯ ಬಂದೂಕು ಇದ್ದರೆ ಲೈಸೆನ್ಸಿನ ಕೊನೆಯ ದಿನಾಂಕವನ್ನು ಇಂದೇ ನೋಡಿ. ಲೈಸೆನ್ಸ್ ಹೊಂದಿದ್ದ ಹಿರಿಯರು ತೀರಿಕೊಂಡಿದ್ದರೆ ಆ ಬಂದೂಕನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಅಪ್ಪನ ನೆನಪು ಎಂಬುದು ಕಾನೂನಿನಲ್ಲಿ ನಡೆಯುವುದಿಲ್ಲ. ತಡಮಾಡದೆ ಹತ್ತಿರದ ಠಾಣೆಗೆ ಅಥವಾ ಪರವಾನಗಿ ಇರುವ ಅಂಗಡಿಗೆ ಒಪ್ಪಿಸಿ ರಸೀದಿ ಪಡೆಯಿರಿ. ವಾರಸುದಾರರಾಗಿ ನಿಮ್ಮ ಹೆಸರಿಗೆ ಅರ್ಜಿ ಹಾಕುವುದು ಅದಾದ ಮೇಲಿನ ಕೆಲಸ.